ಮನೆ, ಮಡಿ, ಮರೆವು, ಯುದ್ಧ: ಇಸ್ರೇಲಿನ ಸಾಕ್ಷ್ಯಚಿತ್ರಗಳಲ್ಲಿ ಮೊದಲು ಯಾವುದು?

ಇಸ್ರೇಲಿನ ಸಾಕ್ಷ್ಯಚಿತ್ರ ಯಾವುದಾದರೂ ಒಂದು ಹೇಳಿ ಎಂದು ಕೇಳಿದವರಿಗೆ ಥಟ್ಟನೆ ಹೆಸರು ಹೇಳುವುದನ್ನು ಬಿಟ್ಟಿದ್ದೇನೆ. ಒಮ್ಮೆ ಗೆಳೆಯನೊಬ್ಬನಿಗೆ ‘ವಾಲ್ಟ್ಸ್ ವಿತ್ ಬಶೀರ್’ ನೋಡು ಅಂದಿದ್ದೆ. ಅನಿಮೇಷನ್ ಅಂತ ಕಿವಿಗೆ ಬಿದ್ದದ್ದೇ ತಡ, ಆತ ಭಾನುವಾರ ಊಟ ಮುಗಿಸಿ ಹತ್ತು ವರ್ಷದ ಮಗಳನ್ನೂ ಪಕ್ಕಕ್ಕೆ ಕೂರಿಸಿಕೊಂಡು ಹಾಕಿದ. ಶುರುವಿನಲ್ಲೇ ಹಲ್ಲು ಕಿರಿದು ಬೀದಿ ತುಂಬ ಓಡಿಬರುವ ಇಪ್ಪತ್ತಾರು ನಾಯಿಗಳು. ಸಂಜೆ ಫೋನಿನಲ್ಲಿ ಚೆನ್ನಾಗಿ ಬೈಸಿಕೊಂಡೆ.

ಆಗಿನಿಂದ ಕೇಳಿದವರಿಗೆ ನಾನೇ ಒಂದು ಪ್ರಶ್ನೆ ಹಾಕುತ್ತೇನೆ: ಎಂಥ ಮೌನದ ಎದುರು ನೀವು ಒಂದೂವರೆ ಗಂಟೆ ಕೂರಬಲ್ಲಿರಿ? ಪ್ರಶ್ನೆ ವಿಚಿತ್ರ ಅನ್ನಿಸಬಹುದು. ಆದರೆ ಈ ಚಿತ್ರಗಳನ್ನು ವಿಷಯದ ಮೇಲೆ ವಿಂಗಡಿಸಲು ಹೋದರೆ ಕೈಗೆ ಏನೂ ಹತ್ತುವುದಿಲ್ಲ. ಮನೆಯ ಕತೆ ಎಂದು ಶುರುವಾದದ್ದರಲ್ಲಿ ಯುದ್ಧ ಬರುತ್ತದೆ, ಯುದ್ಧದ ಚಿತ್ರದಲ್ಲಿ ಅಪ್ಪ ಅಮ್ಮ ಬರುತ್ತಾರೆ, ಧರ್ಮದ ಚಿತ್ರ ಹೋಗಿ ನಿಲ್ಲುವುದು ಕೋರ್ಟಿನ ಬಾಗಿಲಲ್ಲಿ. ಅವು ನಿಜವಾಗಿ ಬೇರೆಯಾಗುವುದು ಯಾರು ಬಾಯಿ ಬಿಡುವುದಿಲ್ಲ, ಬಾಯಿ ಬಿಡದವರ ಮುಂದೆ ನಿರ್ದೇಶಕರು ಏನು ಮಾಡುತ್ತಾರೆ ಎನ್ನುವಲ್ಲಿ. ಕೆಲವರು ಕಾಯುತ್ತಾರೆ. ಕೆಲವರು ಕೆದಕುತ್ತಾರೆ. ಒಬ್ಬರಂತೂ ಖಾಲಿ ಜಾಗವನ್ನು ಚಿತ್ರ ಬರೆದು ತುಂಬುತ್ತಾರೆ. ಇದನ್ನೇ ಅಳತೆಗೋಲು ಮಾಡಿಕೊಂಡು ಜೋಡಿ ಜೋಡಿಯಾಗಿ ನೋಡೋಣ.

ಅಜ್ಜಿಯ ಮನೆಯೋ, ಅಮ್ಮನ ಅಡುಗೆಮನೆಯೋ

ಮೊದಲ ಬಾರಿಗೆ ನೋಡುವವರಿಗೆ ನಾನು ಕೊಡುವುದು ಅರ್ನೋನ್ ಗೋಲ್ಡ್‌ಫಿಂಗರ್ ಅವರ ‘ದಿ ಫ್ಲ್ಯಾಟ್’, 2011ರದ್ದು. ನಿರ್ದೇಶಕರ ಅಜ್ಜಿ ಗೆರ್ಡಾ ಟುಖ್ಲರ್ 98ನೇ ವಯಸ್ಸಿನಲ್ಲಿ ಟೆಲ್ ಅವೀವ್‌ನಲ್ಲಿ ತೀರಿಕೊಳ್ಳುತ್ತಾರೆ. ಬರ್ಲಿನ್ ಬಿಟ್ಟು ಬಂದು ದಶಕಗಳೇ ಕಳೆದಿದ್ದರೂ ಅವರ ಮನೆಯೊಳಗೆ ಬರ್ಲಿನ್ನೇ ಇದೆ: ಜರ್ಮನ್ ಪುಸ್ತಕಗಳ ಕಪಾಟು, ಕೈಗವಸುಗಳು, ಕೈಚೀಲಗಳು, ಆ ಸೆಕೆಯ ಊರಲ್ಲಿ ತುಪ್ಪಳದ ಶಾಲು. ಮಕ್ಕಳು ಮೊಮ್ಮಕ್ಕಳು ಸೇರಿ ಮನೆ ಖಾಲಿ ಮಾಡಲು ನಿಲ್ಲುತ್ತಾರೆ. ಇದು ಇಡೋಣವೋ, ಎಸೆಯೋಣವೋ? ಹಳೆ ಪುಸ್ತಕದ ವ್ಯಾಪಾರಿ ಬಂದು, ಇವನ್ನೆಲ್ಲ ಈಗ ಯಾರೂ ಓದುವುದಿಲ್ಲ ಎಂದು ಕೈಯಾಡಿಸಿಬಿಡುತ್ತಾನೆ. ಅಟ್ಟದ ಟ್ರಂಕು ಇಳಿಸಿದ ಯಾರಿಗೇ ಆದರೂ ಇಲ್ಲಿಯವರೆಗೆ ಇದು ತಮ್ಮದೇ ಮನೆ.

ಅಷ್ಟರಲ್ಲಿ ಕಾಗದಗಳ ನಡುವೆ ನಾತ್ಸಿ ಪತ್ರಿಕೆ ‘ಡೆರ್ ಆಂಗ್ರಿಫ್’ ಸಿಗುತ್ತದೆ, ಅದರಲ್ಲಿ ನಾತ್ಸಿಯೊಬ್ಬ ಪ್ಯಾಲೆಸ್ಟೈನಿಗೆ ಹೋಗಿ ಬಂದ ಪ್ರವಾಸ ಲೇಖನಮಾಲೆ. ಆ ಮಾಲೆಯ ಪ್ರಚಾರಕ್ಕೆಂದು ಹೊರಡಿಸಿದ ಒಂದು ಪದಕದ ಒಂದು ಮುಖದಲ್ಲಿ ಸ್ವಸ್ತಿಕ, ಇನ್ನೊಂದು ಮುಖದಲ್ಲಿ ದಾವೀದನ ನಕ್ಷತ್ರ. ಬರೆದವನು ನಾತ್ಸಿಗಳ ಎಸ್‌ಎಸ್ ಪಡೆಯ ಅಧಿಕಾರಿ ಲಿಯೋಪೋಲ್ಡ್ ಫಾನ್ ಮಿಲ್ಡೆನ್‌ಸ್ಟೈನ್. ಯಹೂದಿಗಳ ಹತ್ಯಾಕಾಂಡವನ್ನು ಸಂಘಟಿಸಿದ ಐಖ್‌ಮನ್ ಮುಂದೆ ಕೂತ ಯಹೂದಿ ವಿಭಾಗದ ಕುರ್ಚಿಯಲ್ಲಿ ಅವನಿಗಿಂತ ಮೊದಲು ಕೂತಿದ್ದವನು. 1933ರ ಆ ಪ್ರವಾಸದಲ್ಲಿ ಅವನ ಜೊತೆ ಹೋದ ದಂಪತಿ ಇದೇ ಅಜ್ಜ ಅಜ್ಜಿ. ಅದಾದರೂ ಆ ಕಾಲದ ಲೆಕ್ಕಾಚಾರ ಅನ್ನಬಹುದು. ಜರ್ಮನಿಯ ಯಹೂದಿಗಳು ಪ್ಯಾಲೆಸ್ಟೈನಿಗೆ ಹೋಗಲಿ ಎಂಬುದರಲ್ಲಿ ಆಗ ನಾತ್ಸಿಗಳಿಗೂ, ಅಲ್ಲೊಂದು ಯಹೂದಿ ನಾಡು ಬಯಸಿದವರಿಗೂ ಆಸಕ್ತಿಯಿತ್ತು. ಜೀರ್ಣವಾಗದ್ದು ಮುಂದಿನದು. ಗೆರ್ಡಾ ಅವರ ತಾಯಿಯನ್ನು ನಾತ್ಸಿಗಳು ಕೊಂದ ಮೇಲೂ, ಯುದ್ಧ ಮುಗಿದ ಮೇಲೂ, ಈ ಎರಡು ಕುಟುಂಬಗಳ ಸ್ನೇಹ ಮುಂದುವರಿಯಿತು.

ಇಲ್ಲಿ ಗೋಲ್ಡ್‌ಫಿಂಗರ್ ಕೆದಕುವ ಜಾತಿಯವರು. ಜರ್ಮನಿಗೆ ಹೋಗಿ ಆ ಅಧಿಕಾರಿಯ ಮಗಳ ಮನೆಯ ಬಾಗಿಲು ಬಡಿಯುತ್ತಾರೆ. ಆಕೆ ಪ್ರೀತಿಯಿಂದ ಕರೆದು ಕೂರಿಸಿ ಉಪಚಾರ ಮಾಡುತ್ತಾರೆ; ತಂದೆ ಆಮೇಲಾಮೇಲೆ ನಾತ್ಸಿಗಳ ಕೆಲಸದಲ್ಲಿರಲಿಲ್ಲ ಎಂದು ಅವರು ನಂಬಿದ್ದಾರೆ. ಈತನ ಚೀಲದಲ್ಲಿ ಬೇರೆಯದೇ ಹೇಳುವ ದಾಖಲೆ ಇದೆ. ತೋರಿಸಬೇಕೋ ಬೇಡವೋ? ನನಗೆ ಈ ಚಿತ್ರದಲ್ಲಿ ಮೈ ಬಿಗಿಯಾಗುವುದು ಇಲ್ಲೇ. ಅದಕ್ಕಿಂತ ಮೆಲ್ಲಗೆ ಚುಚ್ಚುವವರು ನಿರ್ದೇಶಕರ ತಾಯಿ. ‘ನಾನು ಕೇಳಲಿಲ್ಲ, ಅವರು ಹೇಳಲಿಲ್ಲ’ ಎನ್ನುವ ಧಾಟಿಯಲ್ಲೇ ಬದುಕು ಸಾಗಿಸಿದವರು. ಕೊನೆಗೆ ತಾಯಿ ಮಗ ಇಬ್ಬರೂ ಬರ್ಲಿನ್ನಿನ ಸ್ಮಶಾನವೊಂದರಲ್ಲಿ, ಮಳೆಯಲ್ಲಿ, ಗಿಡಬಳ್ಳಿ ಸರಿಸುತ್ತ ಹಿರಿಯರ ಗೋರಿ ಹುಡುಕುವುದನ್ನು ನೋಡಿದಾಗ ಆಕೆಯ ಮೇಲಿದ್ದ ಸಿಟ್ಟು ನನಗೆ ಇಳಿದುಹೋಯಿತು.

ಇದಕ್ಕೆ ನೇರ ಎದುರಾಗಿ ಇಡಬೇಕಾದದ್ದು ತ್ಸಿಪಿ ರೈಬೆನ್‌ಬಾಖ್ ಅವರ ‘ಚಾಯ್ಸ್ ಅಂಡ್ ಡೆಸ್ಟಿನಿ’, 1993. ನಿರ್ದೇಶಕಿಯ ಅಪ್ಪ ಅಮ್ಮ ಇಬ್ಬರೂ ನಾತ್ಸಿಗಳು ನಡೆಸಿದ ಯಹೂದಿ ಹತ್ಯಾಕಾಂಡದಿಂದ ಬದುಕುಳಿದವರು. ಇಲ್ಲಿ ಪತ್ತೇದಾರಿಕೆ ಇಲ್ಲ, ಪ್ರಯಾಣ ಇಲ್ಲ, ಹಳೆಯ ಫೂಟೇಜ್ ತುಂಬಿಸುವ ಗೋಜಿಲ್ಲ. ಕ್ಯಾಮೆರಾ ಅಡುಗೆಮನೆಯಲ್ಲಿ ಕೂರುತ್ತದೆ. ಅಪ್ಪ ನೆನಪು ಹೇಳುತ್ತಾ ಹೋಗುತ್ತಾರೆ: ಯಾವ ಕ್ಯಾಂಪು, ಏನು ಕೆಲಸ, ಏನು ತಿಂದದ್ದು. ಅಮ್ಮ ಹೆಚ್ಚುತ್ತಾರೆ, ಬೇಯಿಸುತ್ತಾರೆ, ತೊಳೆಯುತ್ತಾರೆ, ಒರೆಸುತ್ತಾರೆ, ಮಾತಿಲ್ಲ. ಮಗಳು ಕಾಯುತ್ತಾಳೆ. ಸುಮಾರು ಎರಡು ಗಂಟೆಯ ಈ ಚಿತ್ರದ ಕೊನೆಕೊನೆಗೆ ಅಮ್ಮ ಬಾಯಿ ತೆರೆದಾಗ ಅಷ್ಟು ಹೊತ್ತು ನೋಡಿದ ಪಾತ್ರೆ ಪಡಗ, ತರಕಾರಿ, ತಟ್ಟೆ ಎಲ್ಲವೂ ಮೊದಲಿನಂತೆ ಕಾಣುವುದಿಲ್ಲ.

ಎರಡರಲ್ಲಿ ಯಾವುದು? ಕತೆ ಮುಂದೆ ಓಡಬೇಕು, ಆಗಾಗ ನಗಲೂ ಬೇಕು ಅನ್ನುವವರಿಗೆ ‘ದಿ ಫ್ಲ್ಯಾಟ್’. ಅಡುಗೆಮನೆಯಲ್ಲಿ ಮಾತಿಲ್ಲದೆ ಕೆಲಸ ಮಾಡುತ್ತಿದ್ದ ಅಮ್ಮನನ್ನೋ ಅಜ್ಜಿಯನ್ನೋ ನೋಡುತ್ತ ಬೆಳೆದವರಿಗೆ ರೈಬೆನ್‌ಬಾಖ್. ನನ್ನ ಓಟು ಎರಡನೆಯದಕ್ಕೆ, ಆದರೆ ಮೊದಲ ರಾತ್ರಿಗೆ ಅಲ್ಲ. ಇನ್ನೊಂದು ಮಾತು. ‘ದಿ ಫ್ಲ್ಯಾಟ್’ ನೋಡುವಾಗ ಸಬ್‌ಟೈಟಲ್ ಒಂದನ್ನೇ ನಂಬಬೇಡಿ, ಕಿವಿಯನ್ನೂ ತೆರೆದಿಡಿ. ಹೀಬ್ರೂನಿಂದ ಜರ್ಮನ್‌ಗೆ, ಅಲ್ಲಿಂದ ಇಂಗ್ಲಿಷಿಗೆ ಮಾತು ಯಾವ ಗಳಿಗೆಯಲ್ಲಿ ಜಾರುತ್ತದೆ ಎಂಬುದರಲ್ಲೇ ಅರ್ಧ ಕತೆ ಇದೆ. ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು, ಆಫೀಸಿನಲ್ಲಿ ಇನ್ನೊಂದು ಭಾಷೆ ಆಡುವ ನಮಗೆ ಇದನ್ನು ಹಿಡಿಯುವುದು ಕಷ್ಟವಲ್ಲ.

ಹಾಡು ಕೇಳುವ ಅಭ್ಯಾಸವಿದ್ದರೆ ಮೂರನೆಯ ದಾರಿ ಒಂದಿದೆ: ಓರ್ನಾ ಬೆನ್‌ಡೋರ್ ಅವರ 1988ರ ‘ಬಿಕಾಸ್ ಆಫ್ ದಟ್ ವಾರ್’. ಯೆಹುದಾ ಪೊಲಿಕರ್ ಮತ್ತು ಯಾಕೊವ್ ಗಿಲಾದ್ ಎಂಬ ಇಬ್ಬರು ರಾಕ್ ಸಂಗೀತಗಾರರು ಬದುಕುಳಿದವರ ಮಕ್ಕಳು, ಒಬ್ಬರ ಮನೆ ಸಲೋನಿಕಾದ ಗ್ರೀಕ್ ಬೇರಿನದು, ಇನ್ನೊಬ್ಬರದು ಪೋಲೆಂಡಿನದು. ಅಪ್ಪ ಅಮ್ಮನ ಕತೆಯನ್ನು ಮಕ್ಕಳು ಹಾಡಾಗಿಸಿದ ಬಗೆ ಇಲ್ಲಿದೆ.

ಸೈನಿಕನಿಗೆ ನೆನಪಾಗದ್ದು, ಸೈನಿಕ ಮರೆಯಲಾರದ್ದು

ಗೆಳೆಯನಿಂದ ಬೈಸಿದ ಚಿತ್ರಕ್ಕೆ ಬರುತ್ತೇನೆ. ಅರಿ ಫೋಲ್ಮನ್ ಅವರ ‘ವಾಲ್ಟ್ಸ್ ವಿತ್ ಬಶೀರ್’ (2008) ಇಲ್ಲಿ ಹೇಳುವ ಚಿತ್ರಗಳಲ್ಲೆಲ್ಲ ಹೆಚ್ಚು ಹೆಸರಾದದ್ದು. ಗೋಲ್ಡನ್ ಗ್ಲೋಬ್ ಗೆದ್ದಿತು, ಆಸ್ಕರ್ ನಾಮನಿರ್ದೇಶನ ಪಡೆಯಿತು. 1982ರ ಲೆಬನಾನ್ ಯುದ್ಧದಲ್ಲಿ ಫೋಲ್ಮನ್ ಹರೆಯದ ಸೈನಿಕ. ಆ ಸೆಪ್ಟೆಂಬರಿನಲ್ಲಿ ಬೈರೂತ್‌ನ ಸಬ್ರಾ ಮತ್ತು ಶತೀಲಾ ನಿರಾಶ್ರಿತ ವಸತಿಗಳಲ್ಲಿ ಲೆಬನಾನಿನ ಕ್ರೈಸ್ತ ಫಲಾಂಜಿಸ್ಟ್ ಪಡೆ ಪ್ಯಾಲೆಸ್ಟೀನಿಯರ ಕಗ್ಗೊಲೆ ನಡೆಸಿತು. ಸುತ್ತ ಕಾವಲು ಇದ್ದದ್ದು, ರಾತ್ರಿ ಆಕಾಶಕ್ಕೆ ಬೆಳಕಿನ ಗುಂಡು ಹಾರಿಸಿದ್ದು ಇಸ್ರೇಲಿ ಸೇನೆ. ತಾನು ಆಗ ಎಲ್ಲಿದ್ದೆ? ಫೋಲ್ಮನ್‌ಗೆ ನೆನಪೇ ಇಲ್ಲ. ಜೊತೆಗಿದ್ದವರನ್ನು ಒಬ್ಬೊಬ್ಬರಾಗಿ ಹುಡುಕಿ ಹೋಗುತ್ತಾನೆ. ನೆನಪಿಲ್ಲದ್ದಕ್ಕೆ ಫೂಟೇಜ್ ಎಲ್ಲಿಂದ ತರುವುದು? ಹಾಗಾಗಿ ಅನಿಮೇಷನ್: ಹಳದಿ ಆಕಾಶದ ಕೆಳಗೆ ಸಮುದ್ರದಿಂದ ಬೆತ್ತಲೆಯಾಗಿ ಎದ್ದು ಬರುವ ಹುಡುಗರು, ಆ ನಾಯಿಗಳು. ಕೊನೆಯ ಗಳಿಗೆಯಲ್ಲಿ ಮಾತ್ರ ಚಿತ್ರ ಬರೆಯುವುದು ನಿಂತು ನಿಜವಾದ ಸುದ್ದಿ ಫೂಟೇಜ್ ಬರುತ್ತದೆ, ಹೆಂಗಸರ ಗೋಳಾಟದೊಂದಿಗೆ.

ಅದೇ ಗಳಿಗೆ ಚಿತ್ರದ ಮೇಲಿನ ಆಕ್ಷೇಪವೂ ಹೌದು. ಅಷ್ಟು ಹೊತ್ತು ಇಸ್ರೇಲಿ ಸೈನಿಕನ ಮನಸ್ಸಿನ ಗಾಯಕ್ಕೆ ಬಣ್ಣ ಬಳಿದ ಚಿತ್ರ, ಸತ್ತವರ ಕಡೆಯವರಿಗೆ ಕೊನೆಗೆ ಬರೀ ಅಳುವಷ್ಟೇ ಜಾಗ ಕೊಟ್ಟಿತು ಎನ್ನುತ್ತಾರೆ. ನನಗೆ ಆ ಮಾತು ಸರಿ ಅನ್ನಿಸುತ್ತದೆ. ಆದರೂ ಮರೆವು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ಹಿಡಿದ ಇನ್ನೊಂದು ಚಿತ್ರ ನನಗೆ ಸಿಕ್ಕಿಲ್ಲ.

ಇದರ ಜೋಡಿ ಮೋರ್ ಲೂಶಿ ಅವರ ‘ಸೆನ್ಸರ್ಡ್ ವಾಯ್ಸಸ್’, 2015. ಇಲ್ಲಿ ಮರೆವಿಗೆ ಆಸ್ಪದವೇ ಇಲ್ಲ, ಟೇಪ್ ಇದೆ. 1967ರ ಜೂನಿನ ಆರು ದಿನಗಳ ಯುದ್ಧ ಮುಗಿದು ದೇಶವೆಲ್ಲ ಕುಣಿಯುತ್ತಿದ್ದಾಗ, ಸಾಹಿತಿ ಅಮೋಸ್ ಓಜ್ ಮತ್ತು ಅವ್ರಹಾಂ ಶಪಿರಾ ಕಿಬುತ್ಸ್ ಎಂಬ ಸಾಮುದಾಯಿಕ ಹಳ್ಳಿಗಳಿಗೆ ಹೋಗಿ ಯುದ್ಧದಿಂದ ವಾಪಸಾದ ಹುಡುಗರ ಮಾತನ್ನು ರೆಕಾರ್ಡ್ ಮಾಡಿಕೊಂಡರು. ಅದರಲ್ಲಿ ಒಂದು ಭಾಗ ಮಾತ್ರ ಆಗ ಪುಸ್ತಕವಾಗಿ ಹೊರಬಂತು. ಲೂಶಿ ಮಾಡಿದ್ದು ಸರಳ ಉಪಾಯ: ಈಗ ಮುದುಕರಾಗಿರುವ ಅದೇ ಜನರನ್ನು ಕೂರಿಸಿ ಅವರ ಹರೆಯದ ದನಿಯನ್ನೇ ಅವರಿಗೆ ಕೇಳಿಸುವುದು. ಮುದುಕರು ಸುಮ್ಮನೆ ಕೇಳುತ್ತಾರೆ. ಮಾತಾಡುವುದು ಇಪ್ಪತ್ತರ ಹರೆಯದ ಅವರೇ. ಹಣೆಯ ಗೆರೆ, ಕಣ್ಣು, ತುಟಿ ನೋಡುತ್ತ ಕೂರಬೇಕು. ಟೇಪುಗಳ ಎಷ್ಟು ಪಾಲನ್ನು ಸೇನೆ ಕತ್ತರಿಸಿತ್ತು ಎಂಬ ಬಗ್ಗೆ ಚಿತ್ರ ಬಂದಾಗ ತಕರಾರು ಎದ್ದಿತ್ತು, ಹಾಗಾಗಿ ಶೀರ್ಷಿಕೆಯನ್ನು ಸ್ವಲ್ಪ ಹುಷಾರಾಗಿ ತೆಗೆದುಕೊಳ್ಳಿ. ದೊಡ್ಡ ಪರದೆ, ಒಳ್ಳೆಯ ಸ್ಪೀಕರ್ ಇದ್ದರೆ ಫೋಲ್ಮನ್. ಹೆಡ್‌ಫೋನ್ ಹಾಕಿಕೊಂಡು ಒಬ್ಬರೇ ನೋಡುವುದಾದರೆ ಲೂಶಿ.

ಕುರ್ಚಿಯಲ್ಲಿ ಕೂತವರು

ಅಧಿಕಾರದಲ್ಲಿದ್ದವರ ಬಾಯಿಂದಲೇ ಕೇಳಬೇಕು ಎನ್ನುವವರಿಗೆ ಎಲ್ಲರೂ ತೋರಿಸುವುದು ಡ್ರೋರ್ ಮೊರೆ ಅವರ ‘ದಿ ಗೇಟ್‌ಕೀಪರ್ಸ್’, 2012. ಒಳಾಡಳಿತ ಗುಪ್ತಚರ ಸಂಸ್ಥೆ ಶಿನ್ ಬೆತ್‌ನ ಆರು ಮಂದಿ ಮಾಜಿ ಮುಖ್ಯಸ್ಥರು ಕ್ಯಾಮೆರಾ ಮುಂದೆ ಕೂತು ಮಾತಾಡುತ್ತಾರೆ, ಅದೇ ಒಂದು ಸುದ್ದಿ. ಅವರಲ್ಲಿ ಹಿರಿಯ ಅವ್ರಹಾಂ ಶಾಲೋಮ್. ಚೌಕಳಿ ಅಂಗಿ, ಹೆಗಲ ಮೇಲೆ ಪ್ಯಾಂಟಿನ ಪಟ್ಟಿ, ಮೊಮ್ಮಕ್ಕಳಿಗೆ ಪೆಪ್ಪರಮೆಂಟು ಕೊಡುವ ತಾತನಂತೆ ಇದ್ದಾರೆ. 1984ರ 300ನೇ ನಂಬರ್ ಬಸ್ಸಿನ ಪ್ರಕರಣಕ್ಕೆ ಮಾತು ಬರುತ್ತದೆ: ಬಸ್ ಅಪಹರಿಸಿದವರಲ್ಲಿ ಜೀವಂತ ಸಿಕ್ಕ ಇಬ್ಬರನ್ನು ಆಮೇಲೆ ಹೊಡೆದು ಕೊಂದದ್ದು. ಶಾಲೋಮ್ ಹುದ್ದೆ ಬಿಟ್ಟದ್ದು ಅದೇ ಪ್ರಕರಣದ ಬೆನ್ನಿಗೆ. ತಾತ ನೆನಪಿಲ್ಲ ಅನ್ನುತ್ತಾರೆ, ಜಾರುತ್ತಾರೆ, ಗಟ್ಟಿಯಾಗುತ್ತಾರೆ. 1995ರ ನವೆಂಬರ್ 4ರಂದು ಪ್ರಧಾನಿ ರಾಬಿನ್ ಹತ್ಯೆಯಾದಾಗ ಆ ಸಂಸ್ಥೆಯ ಚುಕ್ಕಾಣಿ ಹಿಡಿದಿದ್ದ ಕಾರ್ಮಿ ಗಿಲ್ಲೋನ್ ಕೂಡ ಇಲ್ಲಿದ್ದಾರೆ. ಆರೂ ಜನ ಬೇರೆ ಬೇರೆ ಸ್ವಭಾವದವರು, ಆದರೆ ಬಲಪ್ರಯೋಗವೊಂದರಿಂದ ಈ ಸಮಸ್ಯೆ ತೀರುವುದಿಲ್ಲ ಎಂಬಲ್ಲಿಗೆ ಎಲ್ಲರೂ ಬಂದು ಮುಟ್ಟುತ್ತಾರೆ.

ಒಳ್ಳೆಯ ಚಿತ್ರ. ಆದರೆ ನನಗೊಂದು ಗುಮಾನಿ ಇದೆ. ನಿವೃತ್ತಿಯ ಮೇಲಿನ ಪಶ್ಚಾತ್ತಾಪ ನೋಡಲು ಹಿತವಾಗಿರುತ್ತದೆ. ನಮ್ಮಲ್ಲೂ ಪಿಂಚಣಿ ಬರತೊಡಗಿದ ಮೇಲೆ ಆತ್ಮಕತೆ ಬರೆದು ನಿಜ ಹೇಳುವವರಿಗೆ ಕೊರತೆಯಿಲ್ಲ. ಮೊರೆ ಅವರ ಕ್ಯಾಮೆರಾ ಆ ಹಿತವನ್ನು ಎಲ್ಲೋ ಕೊಂಚ ಅನುಭವಿಸುತ್ತದೆ.

ಆ ಹಿತವನ್ನು ಕೊಡದ ಚಿತ್ರ ರಅನಾನ್ ಅಲೆಕ್ಸಾಂಡ್ರೋವಿಚ್ ಅವರ ‘ದಿ ಲಾ ಇನ್ ದೀಸ್ ಪಾರ್ಟ್ಸ್’. 2011ರಲ್ಲಿ ಬಂತು, ಮರುವರ್ಷ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಇಲ್ಲಿ ಕೂತವರು ಗೂಢಚಾರರಲ್ಲ, ಕಾನೂನು ಬರೆದವರು: 1967ರಲ್ಲಿ ವಶಕ್ಕೆ ಬಂದ ಪಶ್ಚಿಮ ದಂಡೆ ಮತ್ತು ಗಾಜಾಗಳಿಗೆ ಸೇನಾ ಆಜ್ಞೆಗಳನ್ನು ರೂಪಿಸಿದ, ಸೇನಾ ನ್ಯಾಯಾಲಯಗಳಲ್ಲಿ ತೀರ್ಪು ಕೊಟ್ಟ ವಕೀಲರು, ನ್ಯಾಯಾಧೀಶರು. ಅವರನ್ನು ಸ್ಟುಡಿಯೋದಲ್ಲಿ ಒಂದು ಮೇಜಿನ ಹಿಂದೆ ಕೂರಿಸಿ, ಬೆನ್ನ ಹಿಂದೆ ಹಳೆಯ ಫೂಟೇಜ್ ಓಡಿಸುತ್ತಾರೆ. ಪ್ರಶ್ನೆಗಳು ತಣ್ಣಗಿವೆ. ಈ ಆಜ್ಞೆಯನ್ನು ಹೀಗೇಕೆ ಬರೆದಿರಿ? ಆಪಾದಿತ ತನಗೆ ಹಿಂಸೆ ಕೊಟ್ಟರು ಎಂದಾಗ ನೀವು ಯಾರನ್ನು ನಂಬಿದಿರಿ? ಅಲ್ಲಿನ ಯಹೂದಿ ವಸಾಹತುಗಳಿಗೆ ಭೂಮಿ ಹೊಂದಿಸಲು ಒಟ್ಟೋಮನ್ ಕಾಲದ ‘ಮವಾತ್’, ಅಂದರೆ ಸತ್ತ ಭೂಮಿ ಎಂಬ ವರ್ಗವನ್ನು ಹುಡುಕಿ ತೆಗೆದ ಕತೆಯನ್ನು ಅದರಲ್ಲಿ ಪಾತ್ರ ವಹಿಸಿದ ಅಧಿಕಾರಿಯೇ ಹೇಳುತ್ತಾರೆ, ಜಾಣತನದ ಕೆಲಸ ಮಾಡಿದವರ ಲವಲವಿಕೆಯಿಂದ. ಪಹಣಿ, ಬಗರ್‌ಹುಕುಂ, ಸರ್ವೆ ನಂಬರ್‌ಗಳ ಜಗಳ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ: ಗುಂಡಿಗಿಂತ ಕಾಗದ ದೂರ ಹೋಗುತ್ತದೆ.

ನಿರ್ದೇಶಕರು ತಮ್ಮನ್ನೂ ಬಿಡುವುದಿಲ್ಲ. ಈ ಚಿತ್ರದಲ್ಲಿ ಶಿಕ್ಷೆ ಅನುಭವಿಸಿದವರು ಯಾರೂ ಮಾತಾಡುವುದಿಲ್ಲ, ಏನು ಉಳಿಯಬೇಕು ಏನು ಹೋಗಬೇಕು ಎಂದು ತೀರ್ಮಾನಿಸಿದವನು ನಾನು ಎಂದು ತಮ್ಮದೇ ದನಿಯಲ್ಲಿ ಒಪ್ಪಿಕೊಳ್ಳುತ್ತಾರೆ. ಎರಡರಲ್ಲಿ ಒಂದೇ ನೋಡಲು ಹೊತ್ತಿದ್ದರೆ ಇದನ್ನೇ ನೋಡಿ. ಆ ಭಾಗದ ಇತಿಹಾಸ ತೀರ ಹೊಸದಾಗಿದ್ದರೆ ಮಾತ್ರ ‘ಗೇಟ್‌ಕೀಪರ್ಸ್’ ಮೊದಲು. ಅದರಿಂದ ಇಸವಿಗಳು, ಹೆಸರುಗಳು ತಲೆಯಲ್ಲಿ ಕೂರುತ್ತವೆ.

ಮಡಿ ಮತ್ತು ಬಿಡುಗಡೆ

ನಂಬಿಕೆಯ ವಿಷಯಕ್ಕೆ ಎರಡು ಚಿತ್ರ, ಇಬ್ಬರು ನಿರ್ದೇಶಕರಲ್ಲ, ಒಬ್ಬರೇ: ಅನಾತ್ ಜುರಿಯಾ. 2002ರ ‘ಪ್ಯೂರಿಟಿ’ಯ ಹೀಬ್ರೂ ಹೆಸರು ‘ತೆಹೋರಾ’, ಶುದ್ಧಳು ಎಂದು. ಯಹೂದಿ ಧರ್ಮದ ನಿದ್ದಾ ನಿಯಮದಂತೆ ಮುಟ್ಟಿನ ದಿನಗಳು, ಅದರ ಮೇಲೆ ಏಳು ‘ಶುದ್ಧ’ ದಿನಗಳು ಗಂಡ ಹೆಂಡತಿ ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲ. ಆಮೇಲೆ ಮಿಕ್ವೆ ಎಂಬ ಕೊಳದಲ್ಲಿ ಮುಳುಗಿ ಏಳಬೇಕು. ಮುಟ್ಟು, ಮಡಿ, ಮೈಲಿಗೆ ಎಂಬ ಮಾತುಗಳು ಹುಟ್ಟಿನಿಂದ ಕಿವಿಗೆ ಬಿದ್ದಿರುವ ನಮಗೆ ಟಿಪ್ಪಣಿ ಬೇಕಿಲ್ಲ. ಆದರೆ ‘ನಮ್ಮದರ ಹಾಗೇ’ ಎಂದು ಬೇಗ ತಲೆಯಾಡಿಸಿದರೆ ಒಂದು ವ್ಯತ್ಯಾಸ ತಪ್ಪಿಹೋಗುತ್ತದೆ. ಅಲ್ಲಿ ದಿನ ಎಣಿಸುವ, ತನ್ನನ್ನೇ ಪರೀಕ್ಷಿಸಿಕೊಳ್ಳುವ, ಸಂದೇಹ ಬಂದರೆ ಧರ್ಮಗುರು ರಬ್ಬಿಯನ್ನು ಕೇಳುವ ಹೊಣೆ ಹೆಂಗಸಿನದೇ. ಹೊರಗೆ ಕೂರಿಸುವವರು ಯಾರೂ ಬೇಕಿಲ್ಲ. ಜುರಿಯಾ ಆ ಆಚರಣೆಯ ಒಳಗೇ ಬಾಳಿದವರಾಗಿ ಕೇಳುತ್ತಾರೆ. ಹಾಗಾಗಿ ಚಿತ್ರದಲ್ಲಿ ಹಂಗಿಸುವ ಧಾಟಿ ಇಲ್ಲ.

2004ರ ‘ಸೆಂಟೆನ್ಸ್ಡ್ ಟು ಮ್ಯಾರೇಜ್’ ಇನ್ನೂ ಬಿಸಿ. ಇಸ್ರೇಲಿನಲ್ಲಿ ನಾಗರಿಕ ವಿವಾಹವಿಲ್ಲ. 1953ರ ಕಾನೂನಿನ ಪ್ರಕಾರ ಯಹೂದಿಗಳ ಮದುವೆ, ವಿಚ್ಛೇದನ ಎರಡೂ ರಬ್ಬಿಗಳ ನ್ಯಾಯಾಲಯದ ಕೈಯಲ್ಲಿ. ವಿಚ್ಛೇದನ ಪತ್ರಕ್ಕೆ ‘ಗೆಟ್’ ಎನ್ನುತ್ತಾರೆ, ಅದನ್ನು ಗಂಡ ತಾನಾಗಿ ಕೊಡಬೇಕು. ಕೊಡದಿದ್ದರೆ ಹೆಂಡತಿ ‘ಅಗುನಾ’, ಕಟ್ಟಿಹಾಕಿದವಳು. ಅವಳು ಬೇರೊಬ್ಬನಿಂದ ಮಗು ಪಡೆದರೆ ಆ ಮಗುವಿನ ಮೇಲೂ ಕಳಂಕ ಕೂರುತ್ತದೆ. ವರ್ಷಗಟ್ಟಲೆ ಅಲೆಯುವ ಹೆಂಗಸರನ್ನೂ, ಅವರ ಪರವಾಗಿ ಧರ್ಮಶಾಸ್ತ್ರ ಓದಿ ವಾದಿಸಲು ನಿಂತ ಹೆಂಗಸರನ್ನೂ ಚಿತ್ರ ಹಿಂಬಾಲಿಸುತ್ತದೆ. ಎರಡನೆಯ ಬಳಗವೇ ನನಗೆ ಕುತೂಹಲ: ಅವರು ಶ್ರದ್ಧಾವಂತರು, ಶಾಸ್ತ್ರವನ್ನು ಬಿಟ್ಟುಕೊಡದೆಯೇ ರಬ್ಬಿಗಳ ಜೊತೆ ಜಗಳಕ್ಕೆ ಇಳಿದವರು. ಕೋಪ ಬರಬೇಕು ಎಂದಿದ್ದರೆ ಇದು, ಮುಜುಗರವೂ ಆಗಬೇಕು ಎಂದಿದ್ದರೆ ‘ಪ್ಯೂರಿಟಿ’. ಅತ್ತೆ ಸೊಸೆ ಒಟ್ಟಿಗೆ ಕೂತು ನೋಡುವುದಾದರೆ ‘ಪ್ಯೂರಿಟಿ’ಯೇ ಒಳ್ಳೆಯದು. ಆಮೇಲೆ ಟೀವಿ ಆಫ್ ಮಾಡಿದರೂ ಮಾತು ನಿಲ್ಲುವುದಿಲ್ಲ.

ಗೋಡೆಯ ಆಚೆಗೆ

ಇಲ್ಲಿಯವರೆಗಿನ ಚಿತ್ರಗಳಲ್ಲಿ ಪ್ಯಾಲೆಸ್ಟೀನಿಯರ ದನಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅದನ್ನು ತುಂಬಿಕೊಳ್ಳದೆ ಈ ಪಟ್ಟಿ ಮುಗಿಸಿದರೆ ನೋಡುವವರಿಗೇ ನಷ್ಟ. ಪ್ಯಾಲೆಸ್ಟೀನಿ ರೈತ ಎಮಾದ್ ಬುರ್ನಾತ್ ಮತ್ತು ಇಸ್ರೇಲಿನ ಗೈ ದವಿದಿ ಸೇರಿ ಮಾಡಿದ ‘5 ಬ್ರೋಕನ್ ಕ್ಯಾಮೆರಾಸ್’ (2011), ಪಶ್ಚಿಮ ದಂಡೆಯ ಬಿಲ್‌ಇನ್ ಹಳ್ಳಿಯಲ್ಲಿ ಬುರ್ನಾತ್ 2005ರಲ್ಲಿ ಹುಟ್ಟಿದ ಮಗನಿಗಾಗಿ ತಂದ ಕ್ಯಾಮೆರಾದಿಂದ ಶುರುವಾಗುತ್ತದೆ. ಇಸ್ರೇಲ್ ಹಾಕಿದ ಬೇಲಿ ಬಂದು ಹಳ್ಳಿಯ ಆಲಿವ್ ತೋಟ ಆಚೆ ಉಳಿಯುತ್ತದೆ. ಪ್ರತಿಭಟನೆಯಲ್ಲಿ ಕ್ಯಾಮೆರಾ ಒಡೆದಾಗಲೆಲ್ಲ ಒಂದು ಅಧ್ಯಾಯ ಮುಗಿಯುತ್ತದೆ. ‘ಗೇಟ್‌ಕೀಪರ್ಸ್’ ಜೊತೆಗೇ 2013ರ ಆಸ್ಕರ್ ಕಣದಲ್ಲಿತ್ತು, ಇದು ಯಾವ ದೇಶದ ಚಿತ್ರ ಎಂಬ ಜಗಳವೂ ಆಯಿತು. ಇಬ್ಬರು ಪ್ಯಾಲೆಸ್ಟೀನಿಯರು, ಇಬ್ಬರು ಇಸ್ರೇಲಿಗಳು ಸೇರಿ ಪಶ್ಚಿಮ ದಂಡೆಯ ಮಸಾಫರ್ ಯತ್ತಾದಲ್ಲಿ ಇಸ್ರೇಲಿ ಸೇನೆ ಮನೆ ಕೆಡವುವುದನ್ನು ಚಿತ್ರಿಸಿದ ‘ನೋ ಅದರ್ ಲ್ಯಾಂಡ್’ 2025ರಲ್ಲಿ ಆಸ್ಕರ್ ಗೆದ್ದಿತು. ಈಗಿನ ಸ್ಥಿತಿ ತಿಳಿಯಬೇಕು ಎನ್ನುವವರು ಸೀದಾ ಅಲ್ಲಿಗೆ ಹೋಗಬಹುದು.

ಆದರೆ ನನ್ನನ್ನು ಬಿಡದೆ ಕಾಡುವುದು 2004ರ ‘ಅರ್ನಾಸ್ ಚಿಲ್ಡ್ರನ್’. ಅರ್ನಾ ಮೇರ್ ಯಹೂದಿ ಹೆಂಗಸು, ಹರೆಯದಲ್ಲಿ ಪಲ್ಮಾಖ್ ಎಂಬ ಯಹೂದಿ ಹೋರಾಟದ ಪಡೆಯಲ್ಲಿದ್ದವರು, ಮದುವೆಯಾದದ್ದು ಪ್ಯಾಲೆಸ್ಟೀನಿ ಕಮ್ಯುನಿಸ್ಟ್ ಒಬ್ಬರನ್ನು. ಪಶ್ಚಿಮ ದಂಡೆಯ ಜೆನಿನ್ ನಿರಾಶ್ರಿತ ಶಿಬಿರದಲ್ಲಿ ಮಕ್ಕಳಿಗಾಗಿ ರಂಗಮಂದಿರ ಕಟ್ಟಿದರು, 1995ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಮಗ ಜೂಲಿಯಾನೋ ಮೇರ್ ಖಮೀಸ್ ಆ ಮಕ್ಕಳನ್ನು ತಾಲೀಮಿನಲ್ಲಿ ಚಿತ್ರಿಸಿದ್ದರು. 2002ರ ಏಪ್ರಿಲ್‌ನಲ್ಲಿ ಇಸ್ರೇಲಿ ಸೇನೆಯೊಂದಿಗೆ ನಡೆದ ಜೆನಿನ್ ಕದನದ ನಂತರ ಮರಳಿ ಹೋಗಿ ಒಬ್ಬೊಬ್ಬರ ಹೆಸರು ಹಿಡಿದು ಕೇಳುತ್ತಾರೆ: ಅವನೆಲ್ಲಿ? ಒಬ್ಬ ಇಸ್ರೇಲಿನ ಹಡೇರಾ ಊರಲ್ಲಿ ಜನರ ಮೇಲೆ ಗುಂಡು ಹಾರಿಸಿ ತಾನೂ ಸತ್ತಿದ್ದಾನೆ. ಇನ್ನೊಬ್ಬ ಕದನದಲ್ಲಿ ಸತ್ತಿದ್ದಾನೆ. ಮತ್ತೊಬ್ಬ ಬಂದೂಕು ಹಿಡಿದು ನಿಂತಿದ್ದಾನೆ. ನಗುವ, ರಾಜನ ವೇಷ ಹಾಕುವ ಹುಡುಗರ ಹಳೆಯ ಫೂಟೇಜ್ ಮಧ್ಯೆ ಮಧ್ಯೆ ಬರುತ್ತಲೇ ಇರುತ್ತದೆ. ಯಾರನ್ನೂ ಸಮರ್ಥಿಸದೆ, ಯಾರನ್ನೂ ರಾಕ್ಷಸ ಮಾಡದೆ ನೋಡುವುದು ಎಷ್ಟು ಕಷ್ಟ ಎಂದು ಇಲ್ಲಿ ಗೊತ್ತಾಗುತ್ತದೆ. ಜೂಲಿಯಾನೋ 2011ರ ಏಪ್ರಿಲ್‌ನಲ್ಲಿ ಅದೇ ಜೆನಿನ್‌ನಲ್ಲಿ ಗುಂಡೇಟಿಗೆ ಬಲಿಯಾದರು. ಇದನ್ನು ತಿಳಿದು ನೋಡುವುದೋ, ನೋಡಿ ತಿಳಿಯುವುದೋ ಎಂದು ಆಯ್ಕೆ ಕೊಡಬೇಕಿತ್ತು, ಹೇಳಿಯೇಬಿಟ್ಟೆ. ಇದನ್ನು ಮಾತ್ರ ಬೇರೆ ಯಾವುದರ ಜೊತೆಗೂ ಒಂದೇ ದಿನ ಹಾಕಬೇಡಿ.

ಅವಸರವಿಲ್ಲದವರಿಗೆ

ಇಷ್ಟು ಓದಿ, ಯಾವುದೂ ಬೇಡ, ಅಲ್ಲಿ ಜನ ದಿನಾ ಹೇಗೆ ಬದುಕುತ್ತಾರೆ ನೋಡಿದರೆ ಸಾಕು ಅನ್ನಿಸಿದ್ದರೆ ಡೇವಿಡ್ ಪೆರ್ಲೋವ್ ಅವರ ‘ಡೈರಿ’ ಇದೆ. ಬ್ರೆಜಿಲ್‌ನಲ್ಲಿ ಹುಟ್ಟಿ ಇಸ್ರೇಲಿಗೆ ಬಂದ ಪೆರ್ಲೋವ್ 1973ರಲ್ಲಿ ಕ್ಯಾಮೆರಾ ಕೊಂಡು ತಮ್ಮ ಮನೆಯನ್ನೇ ಚಿತ್ರಿಸತೊಡಗಿದರು, ಹತ್ತು ವರ್ಷ ಬಿಡದೆ. ಆರು ಕಂತು, ಒಂದೊಂದೂ ಗಂಟೆಗೆ ಸ್ವಲ್ಪ ಕಡಿಮೆ. ಹೆಂಡತಿ, ಅವಳಿ ಹೆಣ್ಣುಮಕ್ಕಳು, ಟೆಲ್ ಅವೀವ್‌ನ ಕಿಟಕಿ, ಕಿಟಕಿಯ ಕೆಳಗಿನ ಬೀದಿ. ಈಜಿಪ್ಟ್, ಸಿರಿಯಾಗಳ ಜೊತೆಗಿನ ಆ ವರ್ಷದ ಅಕ್ಟೋಬರ್ ಯುದ್ಧ ಬರುವುದೂ ಆ ಮನೆಯೊಳಗಿಂದಲೇ ಗೊತ್ತಾಗುತ್ತದೆ. ಒಂದೇ ಸಲ ನೋಡಲು ಹೋಗಬೇಡಿ. ವಾರಕ್ಕೊಂದು ಕಂತು ಸಾಕು. ಮೊದಲ ಕಂತಿನಲ್ಲಿ ಮನೆಯವರು ಊಟಕ್ಕೆ ಕೂತಿರುತ್ತಾರೆ, ಸೂಪಿನ ಹಬೆ ಏಳುತ್ತಿರುತ್ತದೆ. ಕುಡಿಯಲು ಆಸೆ, ಆದರೆ ಇನ್ನು ಮುಂದೆ ಒಂದೋ ಸೂಪು ಕುಡಿಯಬೇಕು, ಇಲ್ಲವೋ ಅದನ್ನು ಚಿತ್ರಿಸಬೇಕು ಎಂದು ಕ್ಯಾಮೆರಾದ ಹಿಂದಿನಿಂದ ಪೆರ್ಲೋವ್ ಹೇಳಿಕೊಳ್ಳುತ್ತಾರೆ. ಸೂಪು ಆರುತ್ತದೆ.